ಕುಗ್ಗುಪಟ್ಟಿ

ಅಪ್ಪನ ಪೆಟ್ಟಿಗ್ಯಾಗ ಎರಡು ಅಳತಿಪಟ್ಟಿ.
ಒಂದು ಎಲ್ಲಾ ಅಂಗಡ್ಯಾಗೂ ಸಿಗೂವಂಥಾದ್ದು.
ಇನ್ನೊಂದು ನೋಡಾಕ ಅದರಂಗ,
ಆದ್ರ ಅದರ ಒಂದಡಿ
ಒಂದಡಿಕಿಂತ ಒಂದು ಸೂತು ಹೆಚ್ಚು.

ಸಣ್ಣಾಕಿದ್ದಾಗ ಅದರಿಂದ ಗೆರಿ ಹೊಡದು
ಗಣಿತದ ಸರ್ ಕಡಿಂದ ಬೈಸಿಕೊಂಡಿದ್ದೆ.
ಸುಳ್ಳು ಪಟ್ಟಿ ಅಂತ ಅತ್ತೆ.
ಅಪ್ಪ ಅದನ್ನ ಒರೆಸಿ ಒಳಗ ಇಟ್ಟ:
ಸುಳ್ಳಲ್ಲವಾ, ಮುಂದಿನ ಲೆಕ್ಕಾ ಮೊದಲ ಹಿಡದೈತಿ.
ಕಾದ ಬೀಡು ತಣ್ಣಗಾಗೂ ಹೊತ್ತಿಗೆ ಕುಗ್ಗತೈತಿ,
ಕುಗ್ಗೂವಷ್ಟು ಹೆಚ್ಚಿಗಿ ಕೆತ್ತಿರಬೇಕು.

ಉದ್ಯಮಬಾಗದ ಫೌಂಡ್ರಿಗೆ ಮೋನಪ್ಪ ಬಡಿಗೇರ
ಇಪ್ಪತ್ತಾರು ವರ್ಷ ಸಾಗವಾನಿಯೊಳಗ
ಪಂಪಿನ ಹೊಟ್ಟಿ, ವಾಲ್ವಿನ ಕುತ್ತಿಗಿ ಕೆತ್ತ್ಯಾನ.
ಅವನ ಹೆಸರು ಯಾವ ಪಂಪಿನ ಮ್ಯಾಲೂ ಇಲ್ಲ.

ಒಂದ ವಾರದಾಗ ಎರಡು ಸೀಟು ಬಂದ್ವು.
ಟೂಲ್ ಆ್ಯಂಡ್ ಡೈ ಒಂದು, ನರ್ಸಿಂಗ್ ಒಂದು.
ಝೆರಾಕ್ಸ್ ಎಷ್ಟ ಬೇಕಾದ್ರೂ ತಗಸಬಹುದು,
ಒರಿಜಿನಲ್ ಮಾರ್ಕ್ಸ್ ಕಾರ್ಡು ಒಂದ.
ಶನಿವಾರ ಮಧ್ಯಾಹ್ನ ಒಂದೂವರಿಯೊಳಗ
ಯಾವುದರೆ ಒಂದು ಖಿಡಕಿಯೊಳಗ ಅದನ್ನ ಬಿಡಬೇಕು.

ಅವ್ವ ಆಸ್ಪತ್ರ್ಯಾಗ ಆಯಾ, ರಾತ್ರಿ ಪಾಳಿ.
ನಾ ಹಾಸಗಿ ಬದಲಸೂದು ಸಾಕು, ನೀ ಸೂಜಿ ಹಿಡಿ, ಅಂತಾಳ.
ಬಾಜೂಮನಿ ಮಾವಶಿ ಬಾಗಲಾಗ ನಿಂತು
ಮಶೀನಿನ ಕಾಲೇಜಿಗೆ ಮುಲಗಿನ ಕಳಸತೀರೇನು ಅಂತ
ಎರಡು ಭಾಷಾದಾಗ ಕೇಳ್ಯಾಳ.
ಅರವತ್ತು ಹುಡುಗರಿಗೆ ಮೂರ ಹುಡಿಗ್ಯಾರಂತ.
ಅಪ್ಪ ಮಾತ್ರ ಚಾ ಆರೂತನಾ ಸುಮ್ನ ಇದ್ದು ಅಂದ:
ನನ್ನ ಕೆಲಸ ಅಂತ ತಿಳದು ಹೋಗಬ್ಯಾಡ.
ಕಟಗಿ ಈಗ ಯಾರೂ ಕೆತ್ತಸೂದಿಲ್ಲ, ಅದು ಮುಗದೈತಿ.

ನರ್ಸಿಂಗ್ ಬ್ಯಾಡ ಅನ್ನಾಕ ನನ್ನ ಕಡೆ ಕಾರಣ ಇರಲಿಲ್ಲ.
ಹ್ವಾದ ವರ್ಷ ಅವ್ವಗ ಬುತ್ತಿ ಒಯ್ದಾಗ
ಅಥಣಿ ಕಡಿ ಅಜ್ಜಾ ಒಬ್ಬಾಂವ ಮುಂಗೈ ಹಿಡದಿದ್ದ,
ನನ್ನ ನರ್ಸ ಅಂತ ತಿಳದು, ತಂಗೆವ್ವಾ, ನೀರು.
ಚಮಚದಾಗ ಹಾಕಿದೆ. ಗಂಟಲ ಏರಿ ಇಳೀತು.
ಮೂರು ದಿನ ಊಟ ಮಾಡುವಾಗೆಲ್ಲಾ
ನನ್ನ ಗಂಟಲದಾಗ ಅದ ಏರಿ ಇಳೀತಿತ್ತು.
ನಾಕನೇ ದಿನ ಆ ಕಾಟಿನ ಮ್ಯಾಲ ತೊಳದ ಚಾದರ.
ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಶುಕ್ರವಾರ ರಾತ್ರಿ ಅಪ್ಪಗ ಕೇಳಿದೆ,
ಮನಷ್ಯಾರು ಎಷ್ಟು ಕುಗ್ಗತಾರು?
ನಕ್ಕ. ಬೀಡಿಗೆ ಅಡಿಗೊಂದು ಸೂತು,
ಅಲ್ಯೂಮಿನಿಯಮ್ಮಿಗೆ ಅದಕ್ಕೂ ಚೂರು ಹೆಚ್ಚು.
ಉಳದದ್ದಕ್ಕ ಪಟ್ಟಿ ನಾ ನೋಡಿಲ್ಲ.

ಮುಂಜಾನೆ ಎರಡನೇ ಗೇಟು ಮುಚ್ಚಿತ್ತು.
ಗೂಡ್ಸ್ ಗಾಡಿ. ಡಬ್ಬಿ ಎಣಸಾಕ ಹತ್ತಿದೆ,
ಸಮ ಬಂದ್ರ ಅವ್ವನ ಮಾತು, ಬೆಸ ಬಂದ್ರ ನಂದು ಅಂತ.
ಹತ್ತೊಂಬತ್ತಕ್ಕೋ ಇಪ್ಪತ್ತಕ್ಕೋ ಲೆಕ್ಕ ತಪ್ಪಿತು.
ಡಬ್ಬಿ ಬಿಟ್ಟು ಕೊಂಡಿ ನೋಡತಿದ್ದೆ:
ಎರಡು ಕೈ ಬೆರಳು ಮಡಚಿ ಒಂದಕ್ಕೊಂದು ಹಿಡದಂಗ,
ಈ ಬೆರಳಿನ ಅಚ್ಚು ಎಲ್ಲಿ ಸೀಳತಾರು?
ಒಳಗಿನ ಪೊಳ್ಳು ಹೆಂಗ ಉಳಸತಾರು?
ಗೇಟು ಎದ್ದದ್ದು ಹಿಂದಿನ ರಿಕ್ಷಾದವ
ಹಾರ್ನ್ ಹೊಡದ ಮ್ಯಾಲ ಗೊತ್ತಾತು.

ಖಿಡಕಿಯೊಳಗಿನ ಗುಮಾಸ್ತರು ಕಾರ್ಡು ತಗೊಂಡು
ಪಂಚ್ ಒತ್ತಿದ್ರು. ಒಂದು ತೂತು ಖಾಲಿ ಜಾಗಾದಾಗ,
ಇನ್ನೊಂದಕ್ಕ ಜೀವಶಾಸ್ತ್ರದ ಜೀ ಹಾರಿತು.
ತೂತಿನ ಅಂಚು ಹರಕು, ಒಂದು ಕಡೆ ಜೋತಾಡತಿತ್ತು.
ಪಂಚಿನ ಡೈ ಸವದೈತ್ರೀ ಸರ್, ಅಂದೆ.
ಅವರು ತಲಿ ಎತ್ತಲಿಲ್ಲ.
ಮುಂದಿನವರು ಬರ್ರಿ, ಅಂದ್ರು.

ಮನಿಗೆ ಬಂದಾಗ ಅವ್ವ ಪಾಳಿ ಮುಗಿಸಿ ಮಲಗಿದ್ಲು,
ಕೈ ಅರ್ಧ ಮಡಚಿ,
ಯಾರನ್ನೋ ಇನ್ನೂ ಹಿಡದು ಹೊಳ್ಳಸೂವಂಗ.
ಎದ್ದ ಮ್ಯಾಲ ಹೇಳಬೇಕು.
ಚಾಕ್ಕ ನೀರು ಇಟ್ಟೀನಿ.